ಬಣ್ಣಕ್ಕಿಂತ ಮೊದಲಿನ ಕೆಲಸ: ಮಲೆನಾಡಿನ ಮಳೆಯಲ್ಲಿ ಗಾಡಿ ಭಾಗಗಳಿಗೆ ಪೌಡರ್ ಕೋಟಿಂಗ್

ಶಿವಮೊಗ್ಗದಲ್ಲಿ ಗ್ಯಾರೇಜ್ ಗೆಳೆಯರು, ಐಟಿಐ ಹುಡುಗರು ಮತ್ತು ಹಳೆ ಜೀಪ್ ಇಟ್ಟುಕೊಂಡಿರುವ ಕೆಲವರ ಮುಂದೆ ಆಡಿದ ಮಾತು ಇದು. ಬರೆದು ಹಾಕಿ ಅಂತ ಹಲವರು ಕೇಳಿದ್ದಕ್ಕೆ ಹಾಕುತ್ತಿದ್ದೇನೆ. ಅವತ್ತು ಅರ್ಧಕ್ಕೆ ಬಿಟ್ಟ ಒಂದೆರಡು ವಿಷಯವನ್ನು ಇಲ್ಲಿ ಪೂರ್ತಿ ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬರುವಾಗ ಒಂದು ಚೂರು ತಂದಿದ್ದೇನೆ, ಮೊದಲು ಅದನ್ನು ನೋಡಿ. ಇದು ನನ್ನ ಎಂಎಂ 540 ಜೀಪಿನ ಮುಂದಿನ ಬಂಪರ್ ಮೇಲಿಂದ ಎದ್ದು ಬಂದ ಪೌಡರ್ ಪದರ, ಅಂದರೆ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸಿ ಕೂರಿಸಿದ ಪದರ. ಅಂಗೈ ಅಗಲ ಇದೆ. ಮೇಲ್ಗಡೆ ಇನ್ನೂ ಹೊಳಪು ಹೋಗಿಲ್ಲ, ಒಂದು ಗೀರೂ ಇಲ್ಲ. ಈಗ ತಿರುಗಿಸಿ ನೋಡಿ. ಹಿಂದೆ ಪೂರಾ ಕಂದು. ಬೆರಳಿಟ್ಟರೆ ಪುಡಿ ಅಂಟುತ್ತದೆ. ಪೌಡರ್ ಕಂಪನಿಯದ್ದು ತಪ್ಪಿಲ್ಲ, ಓವನ್‌ದೂ ತಪ್ಪಿಲ್ಲ. ಕೆಳಗಿದ್ದ ಕಬ್ಬಿಣ ತಯಾರಾಗಿರಲಿಲ್ಲ, ಅಷ್ಟೆ.

ನಡೆದದ್ದು ಹೀಗೆ. ಜುಲೈ ತಿಂಗಳು, ಜಡಿಮಳೆ. ಸಂಜೆ ಐದರ ಹೊತ್ತಿಗೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಕಣ ಹೊಡೆದು ಹಳೆ ಬಣ್ಣ, ತುಕ್ಕು ತೆಗೆಯುವುದು) ಮುಗಿದು ಬಂಪರ್ ಬೆಳ್ಳಗೆ ಬೂದಿ ಬಣ್ಣಕ್ಕೆ ಬಂದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ರಾತ್ರಿ ಪೂರ್ತಿ ಶೆಡ್ಡಿನ ನೆಲದ ಮೇಲೆ ಇತ್ತು. ಬೆಳಗ್ಗೆ ನಾನು ಹೋದಾಗ ಅದರ ಮೇಲೆ ತೆಳ್ಳಗೆ, ಅರಿಶಿನ ಉದುರಿಸಿದ ಹಾಗೆ ಒಂದು ಬಣ್ಣ ಕೂತಿತ್ತು. ಒಣ ಬಟ್ಟೆಯಲ್ಲಿ ಒರೆಸಿದರು, ಪೌಡರ್ ಹೊಡೆದರು, ಬೇಯಿಸಿ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಅರಿಶಿನ ಬಣ್ಣವೇ ತುಕ್ಕಿನ ಶುರು ಅಂತ ನನಗೂ ಆಗ ಗೊತ್ತಿರಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಬೋಲ್ಟ್ ಪಕ್ಕದಲ್ಲಿ ಒಂದು ಗುಳ್ಳೆ ಎದ್ದಿತು. ಉಗುರು ಹಾಕಿದೆ, ಹಲಸಿನ ಹಣ್ಣಿನ ತೊಳೆಯಿಂದ ಪೊರೆ ಬಿಟ್ಟ ಹಾಗೆ ಪದರವೇ ಬಿಟ್ಟು ಬಂತು. ಆಮೇಲೆ ಈ ಕೆಲಸವನ್ನು ನಾನೇ ಕಲಿತೆ. ಈಗ ಒಂದು ಸಣ್ಣ ಶೆಡ್ಡಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. ಈ ಚೂರನ್ನು ಎಸೆದಿಲ್ಲ, ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತೇನೆ.

ಪೌಡರ್ ಕೋಟಿಂಗ್ ಅಂದರೆ ಏನು ಅಂತ ಹೊಸಬರಿಗೆ ಎರಡು ಮಾತು. ಪೇಂಟಿನಲ್ಲಿ ಬಣ್ಣವನ್ನು ಥಿನ್ನರಿನಲ್ಲಿ ಕಲಸಿ ಹೊಡೆಯುತ್ತೇವೆ, ಥಿನ್ನರ್ ಹಾರಿ ಹೋಗುತ್ತದೆ, ಬಣ್ಣ ಉಳಿಯುತ್ತದೆ. ಪೌಡರಿನಲ್ಲಿ ಥಿನ್ನರೇ ಇಲ್ಲ. ರಾಳ, ಬಣ್ಣ, ಗಟ್ಟಿ ಮಾಡುವ ಪದಾರ್ಥ ಎಲ್ಲ ಸೇರಿಸಿ ಮೊದಲೇ ಕರಗಿಸಿ, ಆರಿಸಿ, ಮೈದಾ ಹಿಟ್ಟಿನಷ್ಟು ನುಣ್ಣಗೆ ಅರೆದಿರುತ್ತಾರೆ. ಗನ್ನಿನ ತುದಿಯಲ್ಲಿ 60ರಿಂದ 100 ಕಿಲೋವೋಲ್ಟ್ ಇರುತ್ತದೆ. ಅದರಿಂದ ಹೊರಬಂದ ಪ್ರತಿ ಕಣಕ್ಕೂ ಚಾರ್ಜ್ ಇರುತ್ತದೆ. ಅರ್ಥಿಂಗ್ ಕೊಟ್ಟು ತೂಗುಹಾಕಿದ ಕಬ್ಬಿಣ ಅದನ್ನು ಎಳೆದುಕೊಳ್ಳುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಹಾಗೇ. ಆಮೇಲೆ ಓವನ್ನಿಗೆ. ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ ಪೌಡರ್ ಕರಗಿ, ಹರಡಿ, ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಹಾಗೆ ಬೆಂದ ಮೇಲೆ ಮತ್ತೆ ಬಿಸಿ ಮಾಡಿದರೂ ಕರಗುವುದಿಲ್ಲ. 1950ರ ದಶಕದ ಶುರುವಿನಲ್ಲಿ ಜರ್ಮನಿಯಲ್ಲಿ ಇದು ಹುಟ್ಟಿದಾಗ ಗನ್ ಇರಲಿಲ್ಲ, ಕಾದ ಕಬ್ಬಿಣವನ್ನು ಗಾಳಿಯಲ್ಲಿ ತೇಲುವ ಪುಡಿಯೊಳಗೆ ಅದ್ದಿ ತೆಗೆಯುತ್ತಿದ್ದರು. ಗನ್ ಬಳಕೆಗೆ ಬಂದಿದ್ದು 1960ರ ದಶಕದಲ್ಲಿ.

ಪದರ ಎಷ್ಟು ದಪ್ಪ ಗೊತ್ತಾ? 60ರಿಂದ 80 ಮೈಕ್ರಾನ್. ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನಷ್ಟು. ಅಷ್ಟು ತೆಳು ಪದರ ಹುಲಿಕಲ್ ಘಾಟಿಯ ಮಳೆ, ಕಲ್ಲು, ಕೆಸರು ಎಲ್ಲ ತಡೆಯಬೇಕು. ಅಂದ ಮೇಲೆ ಅದು ಹಿಡಿದುಕೊಂಡಿರುವ ನೆಲ ಹೇಗಿರಬೇಕು, ಯೋಚನೆ ಮಾಡಿ.

ನಮ್ಮ ಊರಿನ ಸಮಸ್ಯೆ ಒಂದೇ, ನೀರು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಬಂದು ಕಬ್ಬಿಣ ಆಗುತ್ತಿತ್ತು, 1923ರಲ್ಲಿ ಅಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ. ಮಣ್ಣಿನಿಂದ ಕಬ್ಬಿಣ ಮಾಡಲು ಅಷ್ಟೊಂದು ಬೆಂಕಿ ಬೇಕಾಯಿತು. ಕಬ್ಬಿಣ ವಾಪಸ್ ಕೆಮ್ಮಣ್ಣಾಗಲು ಬರೀ ನೀರು, ಗಾಳಿ ಸಾಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್‌ಗಿಂತ ಜಾಸ್ತಿ. ಆದರೆ ನಾನು ಹೇಳುತ್ತಿರುವುದು ಮೇಲಿಂದ ಸುರಿಯುವ ಮಳೆಯ ವಿಷಯ ಅಲ್ಲ, ಗಾಳಿಯಲ್ಲಿ ಸುಮ್ನೆ ನಿಂತಿರುವ ನೀರಿನ ವಿಷಯ. ಮಳೆಗಾಲದಲ್ಲಿ ಹೊರಗೆ 24 ಡಿಗ್ರಿ, ತೇವ ಶೇಕಡ 90 ಅಂದುಕೊಳ್ಳಿ. ಆ ಗಾಳಿ ಸುಮಾರು 22 ಡಿಗ್ರಿಗೆ ಇಳಿದರೆ ಸಾಕು, ಇಬ್ಬನಿ ಕಟ್ಟುತ್ತದೆ. ರಾತ್ರಿ ಸಿಮೆಂಟ್ ನೆಲದ ಮೇಲೆ ತಣ್ಣಗೆ ಬಿದ್ದಿರುವ ಕಬ್ಬಿಣ ಆರಾಮಾಗಿ ಅಷ್ಟಕ್ಕೆ ಇಳಿದಿರುತ್ತದೆ. ಕಣ್ಣಿಗೆ ಒದ್ದೆ ಕಾಣುವುದಿಲ್ಲ. ಆದರೆ ಒದ್ದೆ. ಪೇಂಟ್ ಕೆಲಸದವರ ಹಳೆಯ ಲೆಕ್ಕ ಒಂದಿದೆ: ಇಬ್ಬನಿ ಕಟ್ಟುವ ಬಿಸಿಗಿಂತ ಲೋಹ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು, ಗಾಳಿಯ ತೇವ ಶೇಕಡ 85 ದಾಟಿರಬಾರದು. ಈ ಲೆಕ್ಕದ ಪ್ರಕಾರ ಹೋದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ ಕಡೆ ಬಹಳಷ್ಟು ದಿನ ಬಾಗಿಲು ಹಾಕಬೇಕಾಗುತ್ತದೆ.

ಹಾಗಾದರೆ ಏನು ಮಾಡುವುದು? ನಾನು ಮಾಡುವುದು ಹೇಳುತ್ತೇನೆ. ಬ್ಲಾಸ್ಟಿಂಗ್ ಮುಗಿದ ಪೀಸ್ ನೆಲ ಮುಟ್ಟುವುದಿಲ್ಲ. ಒಣ ಗಾಳಿಯಲ್ಲಿ ಧೂಳು ಊದಿ, ನೇರ ಬೆಚ್ಚಗಿನ ಓವನ್ನಿಗೆ ಹೋಗುತ್ತದೆ. ಪೌಡರ್ ಹೊಡೆಯುವ ಹೊತ್ತಿಗೆ ಹೊರಗೆ ತೆಗೆದು, ಕೈಗೆ ಉಗುರುಬೆಚ್ಚಗೆ ತಾಗುವಷ್ಟು ಆರಿಸಿ, ಕೂಡಲೇ ಹೊಡೆಯುತ್ತೇನೆ. ಮಳೆಗಾಲದಲ್ಲಿ ಬ್ಲಾಸ್ಟಿಂಗ್‌ಗೂ ಪೌಡರಿಗೂ ನಡುವೆ ಒಂದು ಗಂಟೆಗಿಂತ ಜಾಸ್ತಿ ಬಿಡುವುದಿಲ್ಲ. ಕರೆಂಟ್ ನಂಬಿಕೆ ಇಲ್ಲದ ದಿನ ಬ್ಲಾಸ್ಟಿಂಗ್ ಶುರುವೇ ಮಾಡುವುದಿಲ್ಲ. ಗಿರಾಕಿ ಬೈದರೆ ಬೈಸಿಕೊಳ್ಳುತ್ತೇನೆ.

ಇನ್ನೊಂದು ನೀರು ಕಂಪ್ರೆಸರ್ ಒಳಗಿದೆ. ತೇವದ ಗಾಳಿಯನ್ನು ಒತ್ತಿ ತುಂಬಿದಾಗ ಅದರ ನೀರು ಬಹಳಷ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಉಳಿದದ್ದು ಗಾಳಿಯ ಜೊತೆಗೇ ಹೋಗುತ್ತದೆ. ಜುಲೈನಲ್ಲಿ ನನ್ನ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದರೆ ಒಂದು ಚೊಂಬು ನೀರು ಬರುತ್ತದೆ, ಹಾಲು ಬೆರೆಸಿದ ಹಾಗೆ ಬಿಳಿ, ಜೊತೆಗೆ ಸ್ವಲ್ಪ ಎಣ್ಣೆ. ಆ ಗಾಳಿಯಲ್ಲೇ ಬ್ಲಾಸ್ಟ್ ಮಾಡಿ, ಅದೇ ಗಾಳಿಯಲ್ಲಿ ಪೌಡರ್ ಹೊಡೆದರೆ ನಾವೇ ಕೈಯಾರೆ ನೀರು, ಎಣ್ಣೆ ಹಚ್ಚಿದ ಹಾಗಾಯಿತು. ಏರ್ ಡ್ರೈಯರ್, ಫಿಲ್ಟರ್ ಎರಡೂ ಬೇಕು. ಅದಕ್ಕೆ ದುಡ್ಡಿಲ್ಲದಿದ್ದರೆ ಮಳೆಗಾಲದ ಕೆಲಸ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಪೌಡರ್ ಡಬ್ಬವನ್ನೂ ತೆರೆದಿಡಬೇಡಿ. ತೇವ ಕುಡಿದ ಪೌಡರ್ ಗಂಟು ಕಟ್ಟುತ್ತದೆ, ಗನ್ನಿನಲ್ಲಿ ಉಗುಳುತ್ತದೆ.

ಈಗ ಬಿಚ್ಚುವುದು, ತೊಳೆಯುವುದು. ಇದು ಯಾರಿಗೂ ಇಷ್ಟ ಇಲ್ಲದ ಕೆಲಸ, ಆದರೆ ಇಲ್ಲೇ ಅರ್ಧ ಗೆಲುವು. ರಬ್ಬರ್ ಬುಶ್, ಆಯಿಲ್ ಸೀಲ್, ಬೇರಿಂಗ್, ಬಾಲ್ ಜಾಯಿಂಟ್ ಎಲ್ಲ ಹೊರಗೆ ಬರಬೇಕು, 200 ಡಿಗ್ರಿಯಲ್ಲಿ ಯಾವುದೂ ಉಳಿಯುವುದಿಲ್ಲ. ಬ್ರೇಕ್ ಕ್ಯಾಲಿಪರ್ ಅಂದರೆ ಪಿಸ್ಟನ್, ಸೀಲ್ ಸಮೇತ ಪೂರ್ತಿ ಬಿಚ್ಚಿ, ಜೋಡಿಸುವಾಗ ಹೊಸ ಸೀಲ್ ಹಾಕಿ. ಆಮೇಲೆ ಗ್ರೀಸ್ ತೆಗೆಯಿರಿ. ಬ್ಲಾಸ್ಟಿಂಗ್ ಮಾಡಿದರೆ ಗ್ರೀಸೂ ಹೋಗುತ್ತದೆ ಅಂದುಕೊಂಡವರು ಜಾಸ್ತಿ. ಹೋಗುವುದಿಲ್ಲ. ಕಣಗಳು ಗ್ರೀಸನ್ನು ಲೋಹದ ಒರಟು ಮೈಯೊಳಗೆ ಇನ್ನೂ ಒತ್ತಿ ಕೂರಿಸುತ್ತವೆ, ಆ ಕಣ ಮತ್ತೆ ಬಳಸಿದರೆ ಮುಂದಿನ ಪೀಸಿಗೂ ಗ್ರೀಸ್. ಮೊದಲು ತೊಳೆದು, ಆಮೇಲೆ ಬ್ಲಾಸ್ಟ್. ತೊಳೆದದ್ದು ಸಾಕಾ ಅಂತ ನೋಡಲು ಸುಲಭ ದಾರಿ ಇದೆ: ಶುದ್ಧ ನೀರು ಹಾಕಿ. ನೀರು ಒಂದೇ ಹಾಳೆಯ ಹಾಗೆ ಹರಡಿ ನಿಂತರೆ ಶುದ್ಧ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಒಡೆದು ಉರುಳಿದರೆ ಇನ್ನೂ ಎಣ್ಣೆ ಇದೆ. ಟೈರ್ ಕಪ್ಪಗೆ ಹೊಳೆಯಲಿ ಅಂತ ಹಚ್ಚುವ ಪಾಲಿಶ್ ಇದೆಯಲ್ಲ, ಅದರ ಸಿಲಿಕೋನ್ ರಿಮ್ಮಿಗೆ ತಾಗಿದ್ದರೆ ಪೌಡರ್ ಕರಗುವಾಗ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಶುದ್ಧ ಮಾಡಿದ ಪೀಸನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ.

ನಮ್ಮ ಕಡೆಯ ಗಾಡಿಗಳಲ್ಲಿ ಇನ್ನೊಂದು ಕಾಟ ಇದೆ, ಅದು ಬೆಂಗಳೂರಿನ ಶಾಪಿನವರಿಗೆ ಅಷ್ಟಾಗಿ ಸಿಗಲಿಕ್ಕಿಲ್ಲ. ಗೊಬ್ಬರ ಮತ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಯವರು ಇಲ್ಲಿದ್ದೀರಿ. ದ್ರಾವಣ ಸರಿ ಆಗಿದೆಯಾ ಅಂತ ಹೇಗೆ ನೋಡುತ್ತೀರಿ? ಶುದ್ಧವಾದ ಕತ್ತಿ ಅದ್ದುತ್ತೀರಿ. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ತಾಮ್ರ ಕೂತಿದ್ದು ಕತ್ತಿಯ ಕಬ್ಬಿಣ ಕರಗಿದ ಜಾಗದಲ್ಲಿ. ಪಿಕಪ್ ಹಿಂದೆ ಮೈಲುತುತ್ತದ ನೀರು ತುಳುಕಿದಾಗ ನಡೆಯುವುದೂ ಅದೇ. ಕೂತ ತಾಮ್ರ ಅಲ್ಲೇ ಇದ್ದು ಸುತ್ತಲಿನ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುವ ಹಾಗೆ ಮಾಡುತ್ತದೆ.

ಪೊಟ್ಯಾಷ್ ಗೊಬ್ಬರ ಇನ್ನೂ ಕೆಟ್ಟದ್ದು. ಅದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣನೇ ಅನ್ನಿ. ಸಾಗರದ ಕಡೆಯಿಂದ ಒಂದು ಪಿಕಪ್ಪಿನ ಹಿಂದಿನ ಅಡ್ಡಪಟ್ಟಿಗಳು ಬಂದಿದ್ದವು, ವರ್ಷಗಟ್ಟಲೆ ಗೊಬ್ಬರ ಹೊತ್ತ ಗಾಡಿ. ಬ್ಲಾಸ್ಟ್ ಮಾಡಿ ನೋಡಿದರೆ ಬೆಳ್ಳಗೆ ಚೆನ್ನಾಗಿತ್ತು. ಓವನ್ ಬೇರೆ ಕೆಲಸಕ್ಕೆ ಬೇಕಿದ್ದರಿಂದ ಎರಡು ಗಂಟೆ ಹೊರಗೆ ತೂಗುಹಾಕಿದ್ದೆ. ವಾಪಸ್ ಬಂದು ಟಾರ್ಚ್ ಹಿಡಿದು ನೋಡುತ್ತೇನೆ, ಬಯಲಾಗಿದ್ದ ಜಾಗ ಹಾಗೇ ಇದೆ, ಆದರೆ ಪ್ರತಿ ಸಣ್ಣ ಗುಳಿಯ ತಳದಲ್ಲೂ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ, ಅದರ ಮೇಲೆ ಒದ್ದೆ ಹೊಳಪು. ಉಪ್ಪು ಒಳಗೇ ಕೂತಿತ್ತು. ಗಾಳಿಯ ನೀರು ಎಳೆದುಕೊಂಡು ಅಲ್ಲೇ ಬೆವರುತ್ತಿತ್ತು. ಅವತ್ತು ಪೌಡರ್ ಹೊಡೆಯಲಿಲ್ಲ. ಬಿಸಿನೀರಿನ ಪ್ರೆಶರ್‌ನಲ್ಲಿ ತೊಳೆದೆ, ರಾತ್ರಿ ಬೇಕಂತಲೇ ತುಕ್ಕು ಹಿಡಿಯಲು ಬಿಟ್ಟೆ. ಗುಳಿಯೊಳಗಿನ ಉಪ್ಪು ಆ ತುಕ್ಕಿನ ಜೊತೆ ಮೇಲೆ ಬರುತ್ತದೆ. ಬೆಳಗ್ಗೆ ಮತ್ತೆ ತೊಳೆದು, ಒಣಗಿಸಿ, ಮತ್ತೆ ಬ್ಲಾಸ್ಟ್. ಮೂರು ಸಲ ಹೀಗೆ ಮಾಡಿದ ಮೇಲೆ ಚುಕ್ಕೆ ಬರುವುದು ನಿಂತಿತು. ಮೂರು ದಿನ ಹೋಯಿತು, ಲಾಭ ಏನೂ ಉಳಿಯಲಿಲ್ಲ. ಆದರೆ ಅದನ್ನು ಹಾಗೇ ಮುಚ್ಚಿ ಕೊಟ್ಟಿದ್ದರೆ ಆ ಮನೆಯವರಿಗೆ ನಾನು ಮೋಸ ಮಾಡಿದ ಹಾಗೆ.

ಬ್ಲಾಸ್ಟಿಂಗ್ ಬಗ್ಗೆ ಐಟಿಐ ಹುಡುಗರಿಗೆ ಒಂದು ಮಾತು, ದಯವಿಟ್ಟು ಕೇಳಿ. ಹೊಳೆ ಮರಳು, ಸಿಲಿಕಾ ಮರಳು ಹಾಕಿ ಬ್ಲಾಸ್ಟ್ ಮಾಡುವ ಜಾಗದಲ್ಲಿ ಕೆಲಸ ಮಾಡಬೇಡಿ. ಮರಳು ಒಡೆದು ಬರುವ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿ ಮಾಡುವ ಔಷಧ ಇಲ್ಲ. ಮುಖಕ್ಕೆ ಕಟ್ಟಿದ ಕರ್ಚೀಫು ಆ ಧೂಳನ್ನು ತಡೆಯುವುದಿಲ್ಲ. ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್, ಸ್ಟೀಲ್ ಗ್ರಿಟ್ ಎಲ್ಲ ಸಿಗುತ್ತವೆ. ಅವನ್ನು ಹಾಕಿದರೂ ಶುದ್ಧ ಗಾಳಿ ಬರುವ ಹೆಲ್ಮೆಟ್ ಬೇಕೇ ಬೇಕು. ಮಾಲೀಕರು ಮರಳು ಸಸ್ತಾ ಅಂತಾರೆ. ನಿಮ್ಮ ಉಸಿರು ಸಸ್ತಾ ಅಲ್ಲ.

ಬ್ಲಾಸ್ಟಿಂಗ್ ಬದಲು ತೊಟ್ಟಿ ಕೆಲಸ ಮಾಡುವ ಶಾಪುಗಳೂ ಇವೆ. ಸಾಲಾಗಿ ಏಳು ತೊಟ್ಟಿ ಇರುವುದು ನೋಡಿರಬಹುದು: ಗ್ರೀಸ್ ತೆಗೆಯುವುದು, ಆಸಿಡ್‌ನಲ್ಲಿ ತುಕ್ಕು ತೆಗೆಯುವುದು, ಫಾಸ್ಫೇಟ್, ನಡುನಡುವೆ ನೀರು. ಫಾಸ್ಫೇಟ್ ಒಳ್ಳೆಯದು, ಕಬ್ಬಿಣದ ಮೇಲೆ ಸಣ್ಣ ಹರಳಿನ ಪದರ ಬೆಳೆಸುತ್ತದೆ, ಪೌಡರ್ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮುಂದೆ ಗೀರು ಬಿದ್ದರೂ ತುಕ್ಕು ಅಡಿಯಲ್ಲಿ ಓಡುವುದು ಕಡಿಮೆ. ಆದರೆ ಸ್ಪ್ರಿಂಗ್, ಗಟ್ಟಿ ಉಕ್ಕಿನ ಬೋಲ್ಟ್ ಇವನ್ನು ಆಸಿಡ್ ತೊಟ್ಟಿಗೆ ಹಾಕಲೇಬಾರದು. ಆಸಿಡ್‌ನಿಂದ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕರೆ ಆ ಸ್ಪ್ರಿಂಗ್ ಒಂದು ದಿನ ಯಾವ ಸೂಚನೆಯೂ ಕೊಡದೆ ಪಟ್ ಅಂತ ಮುರಿಯುತ್ತದೆ. ಅಲಾಯ್ ವೀಲನ್ನು ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಬೇಡಿ, ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ.

ಬೇಯಿಸಬಾರದ ವಸ್ತುಗಳ ಬಗ್ಗೆ ಇನ್ನೂ ಸ್ವಲ್ಪ. ಶಾಕ್ ಅಬ್ಸಾರ್ಬರ್, ಡಿಕ್ಕಿ ಎತ್ತಿ ಹಿಡಿಯುವ ಗ್ಯಾಸ್ ರಾಡ್ ಇವು ಓವನ್ನಿಗೆ ಹೋಗಲೇಬಾರದು. ಒಳಗೆ ಎಣ್ಣೆ, ಗ್ಯಾಸ್ ಇರುತ್ತದೆ, ಕಾದರೆ ಸಿಡಿಯುತ್ತದೆ. ಪೆಟ್ರೋಲ್ ಟ್ಯಾಂಕ್ ಖಾಲಿ ಇದೆ ಅಂತ ನಂಬಬೇಡಿ, ಉಳಿದ ಆವಿ ಸಾಕು. ಎರಡೂ ಕಡೆ ಮುಚ್ಚಿದ ಪೈಪ್ ಇದ್ದರೆ ಮೊದಲು ಗಾಳಿ ಹೋಗಲು ತೂತು ಬೇಕು. ಬಾನೆಟ್, ಡೋರ್ ಇವಕ್ಕೂ ನಾನು ಬೇಡ ಅನ್ನುತ್ತೇನೆ. ಹಳೆ ಪುಟ್ಟಿ ಆ ಬಿಸಿ ತಾಳುವುದಿಲ್ಲ, ತೆಳು ಶೀಟು ಬ್ಲಾಸ್ಟಿಂಗ್‌ಗೆ ಸೊಟ್ಟಗಾಗುತ್ತದೆ. ಅದು ಪೇಂಟರ್ ಕೆಲಸ.

ಅಲಾಯ್ ವೀಲ್ ವಿಷಯಕ್ಕೆ ಬಂದರೆ, ಎರಕದ ಅಲಾಯ್‌ಗಳನ್ನು ತಯಾರಿಸುವಾಗ ಸಾಮಾನ್ಯವಾಗಿ 160 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಹದ ಮಾಡಿ ಗಟ್ಟಿ ಮಾಡಿರುತ್ತಾರೆ. ನಾವು ಅದನ್ನು 200ರಲ್ಲಿ ಮತ್ತೆ ಮತ್ತೆ ಬೇಯಿಸಿದರೆ ಆ ಹದ ಹೋಗುತ್ತದೆ. ಬಣ್ಣ ಇಷ್ಟ ಆಗಲಿಲ್ಲ ಅಂತ ಮೂರು ಸಲ ಬದಲಿಸುವುದು ಬೇಡ. ಕಡಿಮೆ ಬಿಸಿಯಲ್ಲಿ ಬೇಯುವ ಪೌಡರ್ ಸಿಗುತ್ತದೆ, ಅದನ್ನು ಕೇಳಿ. ಹಳೆ ಬಣ್ಣವನ್ನು ಬೆಂಕಿ ಇಟ್ಟು ಸುಡುವ ಶಾಪಿಗೆ ಅಲಾಯ್ ಕೊಡಲೇಬೇಡಿ. ಬಿರುಕು ಬಿಟ್ಟು ವೆಲ್ಡ್ ಮಾಡಿದ ವೀಲ್ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಹೊಸ ಬಣ್ಣ ಬಿರುಕನ್ನು ಮುಚ್ಚುತ್ತದೆ, ಅಷ್ಟೆ.

ಎರಕದ ಪೀಸುಗಳಲ್ಲಿ ಕಣ್ಣಿಗೆ ಕಾಣದ ತೂತು ಇರುತ್ತವೆ. ಶಿವಮೊಗ್ಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೇಳಬೇಕಾಗಿಲ್ಲ. ಓವನ್ನಿನಲ್ಲಿ ಆ ತೂತಿನ ಗಾಳಿ, ಎಣ್ಣೆ ಹೊರಗೆ ಬಂದು ಪೌಡರಿನಲ್ಲಿ ಸೂಜಿ ಚುಚ್ಚಿದ ಹಾಗೆ ರಂಧ್ರ ಮಾಡುತ್ತದೆ. ಅದಕ್ಕೆ ಎರಕದ ಕಬ್ಬಿಣವನ್ನು ಪೌಡರ್ ಹೊಡೆಯುವ ಮೊದಲೇ, ಬೇಯಿಸುವ ಬಿಸಿಗಿಂತ ಹತ್ತಿಪ್ಪತ್ತು ಡಿಗ್ರಿ ಜಾಸ್ತಿ ಇಟ್ಟು ಒಮ್ಮೆ ಕಾಯಿಸಿ ಆರಿಸುತ್ತೇವೆ. ಹಾಗೆ ಕಾಯಿಸಿದಾಗ ಮೇಲೆ ಎಣ್ಣೆ ಬೆವರಿದರೆ ಮತ್ತೆ ಶುದ್ಧ ಮಾಡಬೇಕು.

ಮುಚ್ಚಬೇಕಾದ ಜಾಗ ಮುಚ್ಚಿ. ಥ್ರೆಡ್ಡಿಗೆ ಸಿಲಿಕೋನ್ ಬೆಣೆ, ಬೇರಿಂಗ್ ಕೂರುವ ಜಾಗಕ್ಕೆ ಬಿಸಿ ತಾಳುವ ಹಸಿರು ಟೇಪ್. ವೀಲಿನಲ್ಲಿ ಹಬ್ಬಿಗೆ ಕೂರುವ ಮುಖ ಮತ್ತು ನಟ್ ಕೂರುವ ಗುಳಿ, ಈ ಎರಡು ಕಡೆ ಪೌಡರ್ ಇರಲೇಬಾರದು. ದಪ್ಪ ಪೌಡರ್ ಒತ್ತಡಕ್ಕೆ ನಿಧಾನಕ್ಕೆ ಅಮುಕಿ ಹೋಗುತ್ತದೆ, ನಟ್ ಬಿಗಿ ಕಡಿಮೆಯಾಗುತ್ತದೆ, ವೀಲ್ ಸಡಿಲ ಆಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಅದು ಗೊತ್ತಾಗುವುದು ಬೇಡ. ಪೌಡರ್ ಮಾಡಿಸಿದ ವೀಲ್ ಹಾಕಿದ ಮೇಲೆ 50–100 ಕಿಲೋಮೀಟರ್ ಓಡಿಸಿ ನಟ್ ಮತ್ತೆ ಬಿಗಿ ನೋಡಿ.

ಗನ್ ಹಿಡಿಯುವುದನ್ನು ಮಾತಿನಲ್ಲಿ ಕಲಿಸಲು ಆಗುವುದಿಲ್ಲ, ಶೆಡ್ಡಿಗೆ ಬನ್ನಿ. ಎರಡೇ ವಿಷಯ. ಒಂದು, ಮೂಲೆ. ಬ್ರಾಕೆಟ್ಟಿನ ಒಳಮೂಲೆಗೆ ಪೌಡರ್ ಹೋಗದೆ ಅಂಚಿನಲ್ಲೇ ಗುಡ್ಡೆ ಬೀಳುತ್ತದೆ, ಆಗ ವೋಲ್ಟೇಜ್ ಇಳಿಸಿ, ಗಾಳಿ ಕಡಿಮೆ ಮಾಡಿ, ಮೂಲೆಯನ್ನೇ ಮೊದಲು ಹೊಡೆಯಿರಿ. ಎರಡು, ಅರ್ಥಿಂಗ್. ಕೊಕ್ಕೆಯ ಮೇಲೆ ಹಳೆ ಪೌಡರ್ ಬೆಂದು ದಪ್ಪ ಕೂತಿದ್ದರೆ ಕರೆಂಟ್ ಹರಿಯುವುದಿಲ್ಲ, ಕೆರೆದು ಲೋಹ ತಾಗಿಸಿ. ನಮ್ಮ ಜಂಬಿಟ್ಟಿಗೆ ನೆಲ ಮಾರ್ಚ್ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ, ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಪೌಡರ್ ಹೊಡೆಯುವ ಬೂತ್ ಹತ್ತಿರ ಬೀಡಿ, ಬೆಂಕಿ ಬೇಡ. ಗಾಳಿಯಲ್ಲಿ ದಟ್ಟವಾಗಿ ತೇಲುವ ಪೌಡರ್ ಹತ್ತಿಕೊಳ್ಳುತ್ತದೆ.

ಓವನ್ನಿನ ಮೀಟರ್ 200 ತೋರಿಸಿದರೆ ಗಾಳಿ 200 ಆಯಿತು ಅಂತ ಅರ್ಥ, ಕಬ್ಬಿಣ 200 ಆಯಿತು ಅಂತ ಅಲ್ಲ. ತೆಳು ಬ್ರಾಕೆಟ್ ಕೆಲವೇ ನಿಮಿಷದಲ್ಲಿ ಕಾಯುತ್ತದೆ, ದಪ್ಪ ಆಕ್ಸಲ್ ಕೇಸಿಗೆ ಅರ್ಧ ಗಂಟೆ ಬೇಕಾದರೂ ಬೇಕು. ಪೌಡರ್ ಡಬ್ಬದ ಮೇಲಿನ 10 ನಿಮಿಷ, 15 ನಿಮಿಷ ಅನ್ನುವ ಲೆಕ್ಕ ಶುರುವಾಗುವುದು ಲೋಹ ಅಷ್ಟು ಬಿಸಿಗೆ ಬಂದ ಮೇಲೆ. ಅರೆಬೆಂದ ಪೌಡರ್ ನೋಡಲು ಚೆನ್ನಾಗೇ ಇರುತ್ತದೆ, ಒಂದು ಕಲ್ಲು ಬಡಿದರೆ ಚಕ್ಕೆ ಹಾರುತ್ತದೆ. ಹೊರಗಿನ ಭಾಗಕ್ಕೆ ಪಾಲಿಯೆಸ್ಟರ್ ಪೌಡರೇ ಬೇಕು. ಬರೀ ಎಪಾಕ್ಸಿ ತುಕ್ಕಿಗೆ ಒಳ್ಳೆಯದು, ಆದರೆ ಬಿಸಿಲಿಗೆ ಸುಣ್ಣದ ಹಾಗೆ ಬಿಳಚಿಕೊಳ್ಳುತ್ತದೆ. ಮಲೆನಾಡಿನ ಗಾಡಿಯ ಕೆಳಭಾಗಕ್ಕೆ ನನ್ನ ಅಭಿಪ್ರಾಯ ಎರಡು ಪದರ: ಕೆಳಗೆ ಸತು ಇರುವ ಎಪಾಕ್ಸಿ ಪ್ರೈಮರ್ ಅರ್ಧ ಬೇಯಿಸಿ, ಮೇಲೆ ಪಾಲಿಯೆಸ್ಟರ್ ಹೊಡೆದು ಎರಡನ್ನೂ ಪೂರ್ತಿ ಬೇಯಿಸುವುದು. ಖರ್ಚು ಜಾಸ್ತಿ, ಆದರೆ ಒಂದೇ ಸಲ. ಚಾಸಿಯ ಡಬ್ಬದಂಥ ಒಳಭಾಗಕ್ಕೆ ಪೌಡರ್ ಹೋಗುವುದೇ ಇಲ್ಲ, ಅಲ್ಲಿಗೆ ಆಮೇಲೆ ಮೇಣದಂಥ ತುಕ್ಕು ತಡೆಯುವ ಎಣ್ಣೆ ಪೈಪಿನಲ್ಲಿ ಊದಿಸಿ.

ಕೊನೆಗೆ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. ಅಡಿಕೆ ಚೊಗರು (ಒಗರು ರಸ) ತಾಗಿದ ಮೆಟ್ಟುಗತ್ತಿ ಕಪ್ಪಾಗುತ್ತದಲ್ಲ ಸಾರ್, ತುಕ್ಕಿಗೆ ಅದನ್ನೇ ಬಳಿದು ಪೌಡರ್ ಹೊಡೆಯಬಹುದಾ ಅಂತ. ಅವನ ಲೆಕ್ಕ ಸರಿಯಾಗೇ ಇದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಆಗುತ್ತದೆ, ಅಂಗಡಿಯಲ್ಲಿ ಸಿಗುವ ಹಲವು ರಸ್ಟ್ ಕನ್ವರ್ಟರ್‌ಗಳಲ್ಲೂ ಟ್ಯಾನಿನ್ ಇರುತ್ತದೆ. ಆದರೆ ಅದು ಮೇಲಿನ ತುಕ್ಕನ್ನು ಮಾತ್ರ ಬದಲಿಸುತ್ತದೆ, ದಪ್ಪ ತುಕ್ಕಿನ ಅಡಿಗೆ ಮುಟ್ಟುವುದಿಲ್ಲ. 200 ಡಿಗ್ರಿಯಲ್ಲಿ ಬೇಯುವ ಪೌಡರ್ ಅಡಿಗೆ ಬರಿ ಲೋಹ ಅಥವಾ ಫಾಸ್ಫೇಟ್ ಇರಬೇಕು. ಚೊಗರು ಬಳಿದು ಬ್ರಶ್ ಪೇಂಟ್ ಹೊಡೆಯುವುದಾದರೆ ಹಳೆ ಗೇಟಿನ ಮೇಲೆ ಮಾಡಿ ನೋಡು, ಏನಾಯಿತು ಅಂತ ನನಗೂ ಹೇಳು ಅಂದೆ.

ಕಲ್ಲು ಬಡಿದು ಚಕ್ಕೆ ಹಾರಿದರೆ ಏನು ಮಾಡುವುದು ಅಂತ ಇನ್ನೊಬ್ಬರು ಕೇಳಿದರು. ಪೌಡರಿಗೆ ತಾನಾಗಿ ಗಾಯ ಮಾಯುವ ಗುಣ ಇಲ್ಲ, ಒಂದು ಚುಕ್ಕೆಯಲ್ಲಿ ನೀರು ಹೊಕ್ಕರೆ ಅಡಿಯಲ್ಲೇ ಹರಡುತ್ತದೆ. ಹಾಗಾಗಿ ಪ್ರತಿ ವರ್ಷ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು ಗಾಡಿಯ ಅಡಿ ಚೆನ್ನಾಗಿ ತೊಳೆಸಿ. ಎರಡು ದಿನ ಬಿಸಿಲಿಗೆ ಒಣಗಲಿ. ಆಮೇಲೆ ಒಂದು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಎಲ್ಲೆಲ್ಲಿ ಚಕ್ಕೆ ಹಾರಿದೆಯೋ ಅಲ್ಲಿ ಗಟ್ಟಿ ಪದರ ಸಿಗುವವರೆಗೆ ಕೆರೆದು, ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಸತುವಿನ ಪ್ರೈಮರ್ ಹಚ್ಚಿ, ಮೇಲೆ ಅದೇ ಬಣ್ಣದ ಪೇಂಟನ್ನು ಸಣ್ಣ ಬ್ರಶ್ಶಿನಲ್ಲಿ ತುಂಬಿ. ನನ್ನ ಜೀಪಿಗೆ ಈ ವರ್ಷ ಹನ್ನೊಂದು ಕಡೆ ಹಚ್ಚಿದ್ದೇನೆ.